ಹಿಮದ ಹಲಗೆಯ ಹದವೂ ಮೊಣಕಾಲಿನ ಕ್ಷೇಮವೂ

ಕನ್ನಡ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಹಿಮವೆಂಬುದು ಬಹುಕಾಲ ಪಠ್ಯಪುಸ್ತಕದ ವಸ್ತುವಾಗಿಯೇ ಉಳಿದಿತ್ತು. ಮಡಿಕೇರಿಯ ಮಂಜು, ಆಗುಂಬೆಯ ಮಳೆ, ಬಾಬಾಬುಡನ್‌ಗಿರಿಯ ಚಳಿಗಾಳಿ, ಇವೇ ನಮ್ಮ ಶೀತಾನುಭವದ ಎಲ್ಲೆಗಳು. ಉದ್ಯೋಗನಿಮಿತ್ತ ಉತ್ತರಕ್ಕೆ ಬಂದು ನೋಯ್ಡಾದಲ್ಲಿ ನೆಲೆಸಿರುವ ನಮ್ಮವರಿಗೆ ಈ ಎಲ್ಲೆ ಈಗ ದೂರ ಸರಿದಿದೆ. ಡಿಸೆಂಬರ್ ಕಳೆದು ಮಕ್ಕಳಿಗೆ ಚಳಿಗಾಲದ ರಜೆ ಬಂದೊಡನೆ ಅನೇಕ ಕುಟುಂಬಗಳು ನಗರದ ಹೊಗೆಮಂಜಿನಿಂದ ಬಿಡಿಸಿಕೊಂಡು ಔಲಿ, ಸೋಲಂಗ್ ಕಣಿವೆ ಅಥವಾ ಗುಲ್ಮಾರ್ಗ್‌ನತ್ತ ಹೊರಡುವುದು ವಾಡಿಕೆಯಾಗಿದೆ. ಅಲ್ಲಿ ಮೊದಲ ದಿನ ಹಿಮದ ಉಂಡೆಯಾಟ. ಎರಡನೆಯ ದಿನ ಬಾಡಿಗೆಯ ಸ್ಕೀ.

ಸ್ಕೀ ಕಟ್ಟಿಕೊಂಡು ನಾಲ್ಕಾರು ಸಲ ಬಿದ್ದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಇದು ನಮಗೆ ಒಗ್ಗುವ ವಿದ್ಯೆಯಲ್ಲ." ಈ ತೀರ್ಪು ಎಲ್ಲ ಸಂದರ್ಭಗಳಲ್ಲಿಯೂ ನ್ಯಾಯವಾದುದಲ್ಲ. ಕಲಿಯುವವನ ಕಾಲು ಹೇಗೋ, ಅವನ ಕಾಲಿಗೆ ಕಟ್ಟಿದ ಹಲಗೆಯೂ ಹಾಗೆಯೇ ಹದವಾಗಿರಬೇಕು. ಹಲಗೆಯ ಅಂಚನ್ನು ಹೇಗೆ ಸಾಣೆ ಹಿಡಿಯಲಾಗಿದೆ, ಅದರ ತಳ ಹೇಗಿದೆ, ಬೂಟು ಹಲಗೆಯ ಮೇಲೆ ಎಲ್ಲಿ ನಿಂತಿದೆ, ಬಿದ್ದಾಗ ಬೂಟು ಹಲಗೆಯಿಂದ ಕಳಚಿಕೊಳ್ಳುತ್ತದೆಯೇ ಎಂಬ ನಾಲ್ಕು ಅಂಶಗಳು ಸವಾರನ ಅನುಭವವನ್ನೂ ಅವನ ಮೊಣಕಾಲಿನ ಭವಿಷ್ಯವನ್ನೂ ಬಹುಮಟ್ಟಿಗೆ ನಿರ್ಧರಿಸುತ್ತವೆ. ಇವನ್ನು ತಿಳಿದುಕೊಳ್ಳಲು ಪರಿಣತಿ ಬೇಕಿಲ್ಲ. ಕೆಲವು ನಿಮಿಷಗಳ ಗಮನ ಸಾಕು. ಪ್ರಸ್ತುತ ಲೇಖನದ ಉದ್ದೇಶ ಇಷ್ಟೇ.

ಸ್ಕೀ ಎಂಬ ಸಾಧನ

ನೋಡುವುದಕ್ಕೆ ಸ್ಕೀ ಉದ್ದನೆಯ ಒಂದು ಹಲಗೆ. ಒಳಗೆ ಮರದ ಅಥವಾ ಹಗುರವಾದ ಕೃತಕ ವಸ್ತುವಿನ ತಿರುಳು. ಅದರ ಮೇಲೂ ಕೆಳಗೂ ಗಾಜಿನ ನಾರಿನ ಪದರಗಳು. ಕೆಲವದರಲ್ಲಿ ಲೋಹದ ತಗಡು. ತಳಭಾಗ ಪಾಲಿಎಥಿಲೀನ್ ಎಂಬ ನುಣುಪಾದ ಪ್ಲಾಸ್ಟಿಕ್ಕಿನದು. ತಳದ ಎರಡು ಬದಿಗಳಲ್ಲಿಯೂ ಉದ್ದಕ್ಕೆ ಉಕ್ಕಿನ ಅಂಚುಪಟ್ಟಿ ಇರುತ್ತದೆ. ಹಲಗೆಯ ಮೂತಿ ಅಗಲ, ನಡು ಸಣ್ಣ, ಬಾಲ ಮತ್ತೆ ಅಗಲ. ಈ ಆಕಾರದಲ್ಲಿಯೇ ತಿರುಗುವಿಕೆಯ ರಹಸ್ಯ ಅಡಗಿದೆ. ಹಲಗೆಯನ್ನು ಒಂದು ಬದಿಗೆ ವಾಲಿಸಿ ಭಾರ ಹಾಕಿದರೆ ನಡುಭಾಗ ಹಿಮದತ್ತ ಬಾಗುತ್ತದೆ. ಅಂಚು ಬಿಲ್ಲಿನಂತಾಗಿ ಹಿಮವನ್ನು ಕಚ್ಚುತ್ತದೆ. ಹಲಗೆ ತಾನಾಗಿಯೇ ಕಮಾನಿನ ಹಾದಿ ಹಿಡಿಯುತ್ತದೆ. ಸವಾರನು ಕಾಲನ್ನು ಬಲವಂತವಾಗಿ ತಿರುಚಿ ಹಲಗೆಯನ್ನು ತಿರುಗಿಸಬೇಕಾದ ಅಗತ್ಯ ಆಗ ಬೀಳುವುದಿಲ್ಲ. ಅಂಚು ಕೆಟ್ಟಿದ್ದರೆ, ಅಥವಾ ಭಾರ ತಪ್ಪು ಜಾಗದಲ್ಲಿ ಬಿದ್ದರೆ, ಹಲಗೆ ಮಾಡಬೇಕಾದ ಕೆಲಸವನ್ನು ಮೊಣಕಾಲು ಮಾಡಬೇಕಾಗುತ್ತದೆ. ಅಪಾಯ ಆರಂಭವಾಗುವುದು ಇಲ್ಲಿಯೇ.

ಹಲಗೆಯ ಮೇಲೆ ನಿಲ್ಲುವ ವಿದ್ಯೆ ನಮ್ಮ ನಾಡಿಗೆ ತೀರ ಹೊಸದೇನೂ ಅಲ್ಲ. ನಾಟಿಗೆ ಮುನ್ನ ಕೆಸರುಗದ್ದೆಯನ್ನು ಸಮಮಾಡುವ ರೈತ ಎತ್ತುಗಳ ಹಿಂದೆ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಭಾರ ಮುಂದಕ್ಕೆ ಹೆಚ್ಚಾದರೆ ಹಲಗೆ ಕೆಸರಿಗೆ ಮೂಗು ತೂರಿಸುತ್ತದೆ. ಹಿಂದಕ್ಕೆ ಹೆಚ್ಚಾದರೆ ಮಣ್ಣನ್ನು ಸವರದೆ ತೇಲಿಬಿಡುತ್ತದೆ. ಕರಾವಳಿಯ ಕಂಬಳದಲ್ಲಿ ಕನೆಹಲಗೆಯ ಸ್ಪರ್ಧೆಯನ್ನು ಕಂಡವರಿಗೆ ಇದು ಇನ್ನೂ ಸ್ಪಷ್ಟವಾದೀತು. ಕೋಣಗಳನ್ನು ಓಡಿಸುವವನು ಪುಟ್ಟ ಹಲಗೆಯ ಮೇಲೆ ಕಾಲೂರಿ ಸಾಗುವಾಗ ಅದರ ತೂತುಗಳಿಂದ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಹಲಗೆಯ ಮೇಲೆ ಪಾದ ಎಲ್ಲಿದೆ, ಭಾರ ಹೇಗೆ ಬಿದ್ದಿದೆ ಎಂಬುದರ ಬೆಲೆಯನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ಕೀಯಲ್ಲಿಯೂ ತತ್ತ್ವ ಅದೇ. ಕೆಸರಿನ ಬದಲು ಹಿಮ, ಕೋಣಗಳ ಬದಲು ಇಳಿಜಾರು.

ಅಂಚಿನ ಹದ

ನಮ್ಮ ಅಡುಗೆಮನೆಯ ಈಳಿಗೆಮಣೆ ಮೊಂಡಾದಾಗ ತರಕಾರಿ ಹೆಚ್ಚುವವರು ಹೆಚ್ಚು ಬಲ ಹಾಕುತ್ತಾರೆ. ಬೆರಳು ಕೊಯ್ಯುವುದು ಆಗಲೇ. ಸ್ಕೀಯ ಅಂಚು ಮೊಂಡಾದಾಗಲೂ ಹೀಗೆಯೇ ಆಗುತ್ತದೆ. ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಬೆಳಗಿನ ಗಟ್ಟಿ ಹಿಮದ ಮೇಲೆ ಮೊಂಡು ಅಂಚು ಹಿಡಿತ ಕಾಣದೆ ಪಕ್ಕಕ್ಕೆ ಜಾರುತ್ತದೆ. ಸವಾರ ಹೆದರಿ ಹಿಂದಕ್ಕೆ ವಾಲುತ್ತಾನೆ, ತೊಡೆಯ ಸ್ನಾಯುಗಳನ್ನು ಬಿಗಿಹಿಡಿಯುತ್ತಾನೆ, ಅರ್ಧ ಗಂಟೆಯಲ್ಲಿಯೇ ದಣಿಯುತ್ತಾನೆ. ದಣಿದ ಕಾಲೇ ಬೀಳುವ ಕಾಲು.

ಹಾಗೆಂದು ಅಂಚು ಹರಿತವಾದಷ್ಟೂ ಒಳ್ಳೆಯದೆಂದು ಭಾವಿಸಬಾರದು. ಅಂಚಿನ ಸಾಣೆಯಲ್ಲಿ ಎರಡು ಕೋನಗಳಿವೆ. ಒಂದು ತಳದ ಕಡೆಯದು, ಇನ್ನೊಂದು ಬದಿಯದು. ತಳದ ಕಡೆ ಅಂಚನ್ನು ಸಾಮಾನ್ಯವಾಗಿ ಅರ್ಧ ಡಿಗ್ರಿಯಿಂದ 1 ಡಿಗ್ರಿಯಷ್ಟು ಮೇಲಕ್ಕೆ ಓರೆಮಾಡಿರುತ್ತಾರೆ. ಈ ಓರೆ ಇರುವುದರಿಂದಲೇ ಹಲಗೆ ಮಟ್ಟಸವಾಗಿ ಜಾರುವಾಗ ಅಂಚು ಹಿಮಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಓರೆ ಹೆಚ್ಚಿದಂತೆ ಹಲಗೆಯನ್ನು ಹೆಚ್ಚು ವಾಲಿಸಿದ ಮೇಲೆಯೇ ಅಂಚು ಕಚ್ಚುತ್ತದೆ. ಅದು ಸವಾರನ ಸಣ್ಣ ತಪ್ಪುಗಳನ್ನು ಮನ್ನಿಸುತ್ತದೆ, ಆದರೆ ಸಡಿಲವೆನಿಸುತ್ತದೆ. ಓರೆ ತೀರ ಕಡಿಮೆಯಾದರೆ ಹಲಗೆ ಚುರುಕಾಗಿರುತ್ತದೆ, ಆದರೆ ಹೊಸಬನ ಕಾಲಡಿಯಲ್ಲಿ ಹೇಳದೆ ಕೇಳದೆ ಕಚ್ಚಿಬಿಡುತ್ತದೆ. ಬದಿಯ ಕೋನ 1ರಿಂದ 3 ಡಿಗ್ರಿಯವರೆಗೆ ಇರುವುದುಂಟು; ಅದು ಹೆಚ್ಚಿದಷ್ಟೂ ಗಟ್ಟಿ ಹಿಮದಲ್ಲಿ ಹಿಡಿತ ಹೆಚ್ಚು. ಲೆಕ್ಕ ಸರಳ. ಬದಿಯಲ್ಲಿ 2 ಡಿಗ್ರಿ, ತಳದಲ್ಲಿ 1 ಡಿಗ್ರಿ ಸಾಣೆಯಾದರೆ ಅಂಚಿನ ಕೋನ 90ರಲ್ಲಿ 2 ಕಳೆದು 1 ಕೂಡಿಸಿ 89 ಡಿಗ್ರಿ. ಕಲಿಯುವವರಿಗೂ ಸಾಧಾರಣ ಸವಾರರಿಗೂ ಇದು ಒಪ್ಪುವ ಅಳತೆ. ಬದಿಯ ಸಾಣೆಯನ್ನು ಅರದಿಂದ ಮತ್ತೆ ಮತ್ತೆ ಮಾಡಬಹುದು. ತಳದ ಓರೆ ಒಮ್ಮೆ ಹೆಚ್ಚಾಯಿತೆಂದರೆ ಅದನ್ನು ತಗ್ಗಿಸಲು ಇಡೀ ತಳವನ್ನೇ ಯಂತ್ರದಲ್ಲಿ ಉಜ್ಜಿಸಬೇಕಾಗುತ್ತದೆ. ಆದುದರಿಂದ ಬಲ್ಲ ಕೆಲಸಗಾರರು ತಳದ ಅಂಚನ್ನು ಮುಟ್ಟಲು ಹಿಂಜರಿಯುತ್ತಾರೆ.

ಹರಿತಕ್ಕಿಂತ ಹೆಚ್ಚು ಕಾಟ ಕೊಡುವುದು ಅಂಚಿನ ಮುಳ್ಳುಗಳು. ಕಲ್ಲಿಗೆ ತಾಗಿದಾಗ ಉಕ್ಕು ಮಡಿಚಿ ಸಣ್ಣ ಗರಗಸದಂತಾಗುತ್ತದೆ. ತೆಳುಹಿಮದ ವರ್ಷಗಳಲ್ಲಿ ಇದು ಸಾಮಾನ್ಯ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಬಹುಮಟ್ಟಿಗೆ ಬರಿದಾಗಿದ್ದವು. 2025ರಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಎರಡನೆಯ ಭಾಗವನ್ನು ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚಿಗೆ ಮುಂದೂಡಬೇಕಾಯಿತು. ಇಂತಹ ಋತುಗಳಲ್ಲಿ ಬಾಡಿಗೆ ಹಲಗೆಗಳ ಅಂಚು ಕಲ್ಲಿನ ಏಟು ತಿಂದೇ ಇರುತ್ತದೆ. ಮೂತಿಯ ಬಳಿ ಒಂದು ಮುಳ್ಳು ಇದ್ದರೂ ತಿರುವಿನ ಆರಂಭದಲ್ಲಿ ಹಲಗೆ ಗಕ್ಕನೆ ಸಿಕ್ಕಿಕೊಂಡು ಸವಾರನನ್ನು ಎಸೆಯಬಲ್ಲದು. ಇದಕ್ಕಾಗಿಯೇ ಕೆಲಸಗಾರರು ಮೂತಿ ಮತ್ತು ಬಾಲದ ಕೊನೆಯ ಕೆಲವು ಅಂಗುಲಗಳಲ್ಲಿ ಅಂಚನ್ನು ಬೇಕೆಂದೇ ಕೊಂಚ ಮೊಂಡಾಗಿಸುತ್ತಾರೆ.

ತಳ ಮತ್ತು ಮೇಣ

ಹಲಗೆಯ ತಳ ಅಡ್ಡಡ್ಡಲಾಗಿ ಮಟ್ಟಸವಾಗಿರಬೇಕು. ನಡುವೆ ತಗ್ಗಿದ್ದು ಅಂಚುಗಳು ಎದ್ದಿದ್ದರೆ ಹಲಗೆ ಹಳಿಯ ಮೇಲಿನ ಗಾಡಿಯಂತೆ ನೇರವಾಗಿ ಓಡುತ್ತದೆ, ತಿರುಗಲು ಒಪ್ಪದು. ನಡು ಉಬ್ಬಿದ್ದರೆ ಅಂಚು ಹಿಮಕ್ಕೆ ತಡವಾಗಿ ತಾಗುತ್ತದೆ. ಹಲಗೆ ಕಾಲಡಿಯಲ್ಲಿ ತೇಲಾಡುತ್ತದೆ. ಪರೀಕ್ಷೆ ಸುಲಭ. ನೇರವಾದ ಉಕ್ಕಿನ ಅಳತೆಪಟ್ಟಿಯನ್ನು ತಳದ ಮೇಲೆ ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಎಲ್ಲಿ ಸಂದಿಯಿದೆಯೆಂದು ತಿಳಿಯುತ್ತದೆ. ಅಳತೆಪಟ್ಟಿ ಇಲ್ಲದಿದ್ದರೆ ಬ್ಯಾಂಕಿನ ಪ್ಲಾಸ್ಟಿಕ್ ಕಾರ್ಡಿನ ನೇರ ಅಂಚೂ ನಡೆದೀತು.

ಸ್ಕೀ ಜಾರುವುದಕ್ಕೆ ಕಾರಣ ತಳ ಮತ್ತು ಹಿಮದ ಉಜ್ಜಾಟದಿಂದ ಉಂಟಾಗುವ ಅತಿ ತೆಳುವಾದ ನೀರಿನ ಪೊರೆ. ಆ ಪೊರೆ ಹೆಚ್ಚಾದರೂ ಕಡಿಮೆಯಾದರೂ ಓಟ ಕೆಡುತ್ತದೆ. ಕಾದ ಹಂಚಿಗೆ ಎಣ್ಣೆ ಸವರಿದಂತೆ ತಳಕ್ಕೆ ಮೇಣವನ್ನು ಬಿಸಿಮಾಡಿ ಹಚ್ಚಿ, ಆರಿದ ಮೇಲೆ ಕೆರೆದು ತೆಗೆಯುವುದು ಇದಕ್ಕಾಗಿ. ಕಡುಚಳಿಯ ಹಿಮಕ್ಕೆ ಗಟ್ಟಿ ಮೇಣ, ಮಧ್ಯಾಹ್ನದ ಒದ್ದೆ ಹಿಮಕ್ಕೆ ಮೃದು ಮೇಣ. ಒಣಗಿ ಬಿಳಿಚಿಕೊಂಡ ತಳ ಮೇಣ ಬೇಡುತ್ತಿದೆಯೆಂದು ತಿಳಿಯಬೇಕು. ಒಂದು ಕಾಲು ಜಾರಿ ಇನ್ನೊಂದು ಅಂಟಿಕೊಂಡಾಗ ಸವಾರ ಮುಗ್ಗರಿಸುವುದು ಸಹಜ. ಆದ್ದರಿಂದ ಮೇಣವೆಂಬುದು ಕೇವಲ ವೇಗದ ವಿಷಯವಲ್ಲ. ಹಿಂದೆ ಸ್ಪರ್ಧಿಗಳು ಫ್ಲೋರಿನ್ ಸಂಯುಕ್ತಗಳ ಮೇಣ ಬಳಸುತ್ತಿದ್ದರು. ಅದನ್ನು ಕಾಯಿಸುವ ಕೆಲಸಗಾರರ ರಕ್ತದಲ್ಲಿ ಆ ಸಂಯುಕ್ತಗಳು ಹೆಚ್ಚು ಪ್ರಮಾಣದಲ್ಲಿ ಕಂಡುಬಂದವು. ಅವು ಮಣ್ಣಿನಲ್ಲಿಯೂ ನೀರಿನಲ್ಲಿಯೂ ನಶಿಸದೆ ಉಳಿಯತಕ್ಕವು. ಅಂತರರಾಷ್ಟ್ರೀಯ ಸ್ಕೀ ಸಂಸ್ಥೆ 2023-24ರ ಋತುವಿನಿಂದ ತನ್ನ ಸ್ಪರ್ಧೆಗಳಲ್ಲಿ ಅದನ್ನು ಪೂರ್ಣವಾಗಿ ನಿಷೇಧಿಸಿದೆ.

ಬೂಟು ಎಲ್ಲಿ ನಿಲ್ಲಬೇಕು?

ಬೂಟನ್ನು ಹಲಗೆಗೆ ಹಿಡಿದಿಡುವ ಸಾಧನಕ್ಕೆ ಬೈಂಡಿಂಗ್ ಎಂದು ಹೆಸರು. ಅದರಲ್ಲಿ ಬೆರಳಿನ ಕಡೆಗೆ ಒಂದು ತುಂಡು, ಹಿಮ್ಮಡಿಯ ಕಡೆಗೆ ಇನ್ನೊಂದು. ತಯಾರಕರು ಹಲಗೆಯ ಮೇಲೆ ಒಂದು ಗೆರೆ ಹಾಕಿರುತ್ತಾರೆ. ಬೂಟಿನ ಅಟ್ಟೆಯ ಬದಿಯಲ್ಲಿಯೂ ಅದರ ಮಧ್ಯಬಿಂದುವಿಗೆ ಗುರುತಿರುತ್ತದೆ. ಈ ಎರಡು ಗುರುತುಗಳು ಒಂದಕ್ಕೊಂದು ಸೇರಬೇಕೆಂಬುದು ಸಾಮಾನ್ಯ ನಿಯಮ.

ಬೂಟು ಗೆರೆಯಿಂದ ಮುಂದಕ್ಕೆ ಸರಿದರೆ ಸವಾರನ ಮುಂದಿನ ಹಲಗೆ ಗಿಡ್ಡವಾದಂತಾಗುತ್ತದೆ. ತಿರುವು ಬೇಗನೆ ಆರಂಭವಾಗುತ್ತದೆ, ಹಲಗೆ ಹಗುರವೆನಿಸುತ್ತದೆ. ಆದರೆ ವೇಗದಲ್ಲಿ ಅದು ಚಂಚಲವಾಗುತ್ತದೆ. ಮೆತ್ತನೆಯ ಹೊಸ ಹಿಮದಲ್ಲಿ ಮೂತಿ ಹೂತುಹೋಗುತ್ತದೆ. ಹಿಂದಕ್ಕೆ ಸರಿದರೆ ಪರಿಣಾಮ ವಿಪರೀತ. ಮೂತಿ ಹಿಮದ ಮೇಲೆ ತೇಲುತ್ತದೆ, ನೇರ ಓಟದಲ್ಲಿ ಸ್ಥಿರವಾಗಿರುತ್ತದೆ, ಆದರೆ ತಿರುಗಲು ಸೋಮಾರಿಯಾಗುತ್ತದೆ. ಅನುಭವಿಗಳು 1 ಸೆಂಟಿಮೀಟರಿನ ವ್ಯತ್ಯಾಸವನ್ನೂ ಕಾಲಿನಲ್ಲಿ ಗುರುತಿಸಬಲ್ಲರು. ಹೊಸಬನಿಗೆ ಅದು ವ್ಯತ್ಯಾಸವಾಗಿ ತೋರದು. ತನ್ನ ಅಸಾಮರ್ಥ್ಯವಾಗಿ ತೋರುತ್ತದೆ.

ಬಾಡಿಗೆಯ ಹಲಗೆಗಳಲ್ಲಿ ಬೈಂಡಿಂಗ್ ಹಳಿಯ ಮೇಲೆ ಸರಿಯುವಂತೆ ಇರುತ್ತದೆ. ಬೂಟಿನ ಉದ್ದಕ್ಕೆ ತಕ್ಕಂತೆ ಎರಡು ತುಂಡುಗಳನ್ನೂ ಸರಿಸಿದರೆ ಬೂಟಿನ ಮಧ್ಯ ಗೆರೆಯ ಮೇಲೆಯೇ ನಿಲ್ಲುತ್ತದೆ. ಅವಸರದಲ್ಲಿ ಹಿಮ್ಮಡಿಯ ತುಂಡನ್ನು ಮಾತ್ರ ಸರಿಸುವುದುಂಟು. ಕೆಲವು ಬೈಂಡಿಂಗುಗಳಲ್ಲಿ ಸರಿಯುವುದೇ ಅದೊಂದು. ಇದರ ಪರಿಣಾಮವನ್ನು ಲೆಕ್ಕಹಾಕೋಣ. ಪತಿಯ ಬೂಟಿನ ಅಟ್ಟೆ 305 ಮಿಲಿಮೀಟರ್, ಅದಕ್ಕೆ ಸರಿಯಾಗಿ ಬೈಂಡಿಂಗ್ ಇದೆ. ಮಧ್ಯಾಹ್ನ ಅದೇ ಹಲಗೆಯನ್ನು ಪತ್ನಿ ಕಟ್ಟಿಕೊಳ್ಳುತ್ತಾರೆ. ಅವರ ಅಟ್ಟೆ 265 ಮಿಲಿಮೀಟರ್. ಬೆರಳಿನ ತುಂಡು ಅಲುಗದೆ ಹಿಮ್ಮಡಿಯ ತುಂಡನ್ನು 40 ಮಿಲಿಮೀಟರ್ ಮುಂದಕ್ಕೆ ತಂದರೆ ಬೂಟಿನ ಮಧ್ಯ ಅದರ ಅರ್ಧದಷ್ಟು, ಅಂದರೆ 20 ಮಿಲಿಮೀಟರ್, ಗೆರೆಯಿಂದ ಮುಂದೆ ಬರುತ್ತದೆ. ಬೆಳಿಗ್ಗೆ ಪತಿಯ ಕಾಲಿಗೆ ಸೌಮ್ಯವಾಗಿದ್ದ ಹಲಗೆ ಮಧ್ಯಾಹ್ನ ಪತ್ನಿಯ ಕಾಲಿಗೆ ಬೇರೆಯದೇ ಹಲಗೆಯಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಅನೇಕ ಬೈಂಡಿಂಗುಗಳಲ್ಲಿ ಹಿಮ್ಮಡಿಯ ತುಂಡು ಬೆರಳಿನ ತುಂಡಿಗಿಂತ ಕೆಲವು ಮಿಲಿಮೀಟರ್ ಎತ್ತರವಾಗಿರುತ್ತದೆ. ಎತ್ತರ ಒಂದೇ ಆದರೂ ಚಿಕ್ಕ ಬೂಟಿನಲ್ಲಿ ಅದು ಕಡಿದಾದ ಇಳಿಜಾರಾಗುತ್ತದೆ. ಹೀಗಾಗಿ ಚಿಕ್ಕ ಪಾದದವರು, ವಿಶೇಷವಾಗಿ ಸ್ತ್ರೀಯರು ಮತ್ತು ಮಕ್ಕಳು, ಹೆಚ್ಚು ಮುಂದಕ್ಕೆ ತಳ್ಳಲ್ಪಡುತ್ತಾರೆ. ಅದನ್ನು ಸರಿದೂಗಿಸಲು ಅವರು ಸೊಂಟವನ್ನು ಹಿಂದಕ್ಕೆ ಹಾಕುತ್ತಾರೆ. "ಮುಂದಕ್ಕೆ ಬಾಗಿ" ಎಂದು ಶಿಕ್ಷಕರು ಎಷ್ಟು ಕೂಗಿದರೂ ಬಾಗಲಾಗದಿದ್ದರೆ ಕಾರಣ ಸ್ವಭಾವದಲ್ಲಿರದೆ ಸಲಕರಣೆಯಲ್ಲಿಯೂ ಇರಬಹುದು.

ಹಿಮ್ಮಡಿ ಬಿಡುವಾಗಿರುವ ಸ್ಕೀ

ಇಲ್ಲಿಯವರೆಗೆ ಹೇಳಿದ್ದು ಇಳಿಜಾರಿನ ಸ್ಕೀಯ ಮಾತು. ಮಟ್ಟಸ ಹಾಗೂ ಏರುತಗ್ಗಿನ ನೆಲದಲ್ಲಿ ದೂರ ಕ್ರಮಿಸುವ ನಾರ್ಡಿಕ್ ಸ್ಕೀ ಬೇರೆ ಬಗೆಯದು. ಅದರಲ್ಲಿ ಬೂಟಿನ ಬೆರಳಿನ ಭಾಗ ಮಾತ್ರ ಹಲಗೆಗೆ ಸೇರಿದ್ದು ಹಿಮ್ಮಡಿ ಮೇಲೇಳಬಲ್ಲದು. ಈ ಕಠಿಣ ಕ್ರೀಡೆಯಲ್ಲಿ ಹೆಸರು ಮಾಡಿದವರು ನಮ್ಮ ಕೊಡಗಿನ ತೆಕ್ಕಡ ಭವಾನಿ ಎಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ. 2023ರಲ್ಲಿ ಸ್ಲೊವೇನಿಯದ ಪ್ಲಾನಿತ್ಸದಲ್ಲಿ ನಡೆದ ವಿಶ್ವ ನಾರ್ಡಿಕ್ ಸ್ಕೀ ಸ್ಪರ್ಧೆಯಲ್ಲಿ ಅವರು ಭಾರತವನ್ನು ಪ್ರತಿನಿಧಿಸಿದರು. 2024ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದುಕೊಟ್ಟರು. ಹಿಮ ಬೀಳದ ನಾಡಿನವರಿಗೆ ಹಿಮದ ವಿದ್ಯೆ ಒಗ್ಗದೆಂಬ ಮಾತಿಗೆ ಇದಕ್ಕಿಂತ ತಕ್ಕ ಉತ್ತರ ಬೇಕಿಲ್ಲ.

ನಾರ್ಡಿಕ್ ಸ್ಕೀಯಲ್ಲಿ ಬೂಟಿನ ನೆಲೆಯನ್ನು ಹಲಗೆಯ ಸಮತೋಲ ಬಿಂದುವಿನಿಂದ ಅಳೆಯುವುದು ರೂಢಿ. ಇಂದಿನ ಅನೇಕ ಹಲಗೆಗಳಲ್ಲಿ ಬೈಂಡಿಂಗನ್ನು ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹಿಂದೆ ಸರಿಸಬಹುದು. ಸಾಂಪ್ರದಾಯಿಕ ನಡಿಗೆಯ ಶೈಲಿಯಲ್ಲಿ ಮುಂದಕ್ಕೆ ಸರಿಸಿದರೆ ಒದೆತದ ಹಿಡಿತ ಹೆಚ್ಚುತ್ತದೆ, ಹಿಂದಕ್ಕೆ ಸರಿಸಿದರೆ ಜಾರಿಕೆ ಹೆಚ್ಚುತ್ತದೆ. ಅಂದಂದಿನ ಹಿಮವನ್ನು ನೋಡಿ ಆಯ್ಕೆ ಮಾಡಿಕೊಳ್ಳುವುದುಂಟು.

ಕಳಚಿಕೊಳ್ಳುವ ಗುಣ

ಬೈಂಡಿಂಗಿನ ಕರ್ತವ್ಯ ಎರಡು: ಬೇಕಾದಾಗ ಹಿಡಿಯುವುದು, ಬೇಡವಾದಾಗ ಬಿಡುವುದು. ಎರಡನೆಯದು ಬಂದದ್ದು ತಡವಾಗಿ. ನಾರ್ವೆಯಿಂದ ಅಮೆರಿಕದ ಆರೆಗಾನ್‌ಗೆ ವಲಸೆ ಹೋಗಿದ್ದ ಯಾಲ್ಮಾರ್ ವಾಮ್ ಎಂಬ ಸ್ಕೀಗಾರ 1937ರಲ್ಲಿ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಾಗ, ತಿರುಚಿದರೆ ತಾನಾಗಿ ಕಳಚಿಕೊಳ್ಳುವ ಬೈಂಡಿಂಗಿನ ಕಲ್ಪನೆ ಹೊಳೆಯಿತು. ಆತ ರೂಪಿಸಿದ ಸಾಧನದಿಂದ ಇಂದಿನ ಬೈಂಡಿಂಗಿನ ವಂಶ ಆರಂಭವಾಯಿತೆನ್ನಬಹುದು.

ಇಂದಿನ ಬೈಂಡಿಂಗಿನ ಮೇಲೆ ಒಂದು ಪುಟ್ಟ ಕಿಂಡಿಯಲ್ಲಿ ಅಂಕಿಗಳು ಕಾಣುತ್ತವೆ. ಬಾಡಿಗೆಯವುಗಳಲ್ಲಿ ಸಾಮಾನ್ಯವಾಗಿ 3ರಿಂದ 10. ಮಕ್ಕಳದರಲ್ಲಿ ಇನ್ನೂ ಕಡಿಮೆ. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನಿಂದ ಇದಕ್ಕೆ ಡಿನ್ ಸಂಖ್ಯೆ ಎನ್ನುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಕಳಚಲು ಹೆಚ್ಚು ಬಲ ಬೇಕು. ಇದನ್ನು ಅಂದಾಜಿನಿಂದ ಇಡಕೂಡದು. ಸವಾರನ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ ಮತ್ತು ಅವನು ನಿಧಾನಿಯೋ ಸಾಹಸಿಯೋ ಎಂಬ ಐದು ವಿವರಗಳಿಂದ ಕೋಷ್ಟಕ ನೋಡಿ ಇಡಬೇಕು. ಅಟ್ಟೆ ಉದ್ದವಾದಷ್ಟೂ ಸನ್ನೆಗೋಲು ಉದ್ದವಾಗುವುದರಿಂದ ಸಂಖ್ಯೆ ತಗ್ಗುತ್ತದೆ. 50 ವರ್ಷ ತುಂಬಿದವರಿಗೂ 9 ವರ್ಷದವರೆಗಿನ ಮಕ್ಕಳಿಗೂ ಒಂದು ಮೆಟ್ಟಿಲು ಕಡಿಮೆ ಇಡಬೇಕೆಂಬ ನಿಯಮವಿದೆ. ನಮ್ಮವರು ಅಂಗಡಿಯಲ್ಲಿ ತೂಕವನ್ನು ಸಂಕೋಚದಿಂದ ಕಡಿಮೆ ಹೇಳುವುದೂ, ಅನುಭವವನ್ನು ಉತ್ಸಾಹದಿಂದ ಹೆಚ್ಚು ಹೇಳುವುದೂ ಇಲ್ಲಿ ಪ್ರಮಾದಕರ. ಮೊದಲನೆಯದರಿಂದ ಹಲಗೆ ಅಕಾಲದಲ್ಲಿ ಕಳಚೀತು. ಎರಡನೆಯದರಿಂದ ಬೇಕಾದಾಗ ಕಳಚದೆ ಹೋದೀತು.

ಸಂಖ್ಯೆ ಸರಿಯಿದ್ದರೂ ಬೇರೆ ಕಾರಣಗಳಿಂದ ಬಿಡುಗಡೆ ಕೆಡಬಹುದು. ಹಿಮ್ಮಡಿಯ ತುಂಡು ಬೂಟನ್ನು ಮುಂದಕ್ಕೆ ಒತ್ತುವ ಒತ್ತಡ ಗುರುತಿನೊಳಗೆ ಇರಬೇಕು. ಅಟ್ಟೆಯ ಅಡಿ ಹಿಮ ಮೆತ್ತಿದ್ದರೆ ಬೂಟು ಸರಿಯಾಗಿ ಕೂರದು. ನಡಿಗೆಯಿಂದ ಸವೆದ ಅಟ್ಟೆ, ಅಥವಾ ಬೈಂಡಿಂಗಿಗೆ ಹೊಂದದ ರಬ್ಬರ್ ಅಟ್ಟೆಯ ಬೂಟು, ಇವೂ ತೊಡಕು ತರುತ್ತವೆ.

ಮೊಣಕಾಲಿನ ಕಥೆ

ಅಮೆರಿಕದ ವರ್ಮಾಂಟ್ ಪ್ರಾಂತದ ಶುಗರ್‌ಬುಷ್ ಸ್ಕೀ ಕೇಂದ್ರದಲ್ಲಿ ಡಾ. ರಾಬರ್ಟ್ ಜಾನ್ಸನ್, ಕಾರ್ಲ್ ಎಟ್ಲಿಂಗರ್ ಮತ್ತು ಜ್ಯಾಸ್ಪರ್ ಶೀಲಿ ಎಂಬ ಸಂಶೋಧಕರು 1972ರಿಂದ ದಶಕಗಳ ಕಾಲ ಗಾಯಾಳುಗಳ ಲೆಕ್ಕವಿಟ್ಟರು. ಬೈಂಡಿಂಗುಗಳು ಸುಧಾರಿಸಿದಂತೆ ಮೊಣಕಾಲಿನ ಕೆಳಗಿನ ಎಲುಬು ಮುರಿಯುವುದು ಬಹಳ ಕಡಿಮೆಯಾಯಿತು. ಆದರೆ ಅದೇ ಕಾಲದಲ್ಲಿ ಮೊಣಕಾಲಿನೊಳಗಿನ ಮುಂಭಾಗದ ಅಡ್ಡ ಅಸ್ಥಿರಜ್ಜು ಹರಿಯುವುದು ಹೆಚ್ಚಿತು. ತೊಡೆಯೆಲುಬನ್ನೂ ಕಾಲೆಲುಬನ್ನೂ ಒಳಗಿನಿಂದ ಬಿಗಿಯುವ ಈ ರಜ್ಜು ಕಿರುಬೆರಳಿನಷ್ಟು ಗಾತ್ರದ್ದು. ಪೂರ್ಣ ಹರಿದರೆ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಸ್ಕೀಯಲ್ಲಿ ಈ ಗಾಯ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು.

ಇದರ ಅರ್ಥವನ್ನು ಸ್ಪಷ್ಟವಾಗಿ ತಿಳಿಯಬೇಕು. ಬೈಂಡಿಂಗ್ ಕಾಪಾಡುವುದು ಮುಖ್ಯವಾಗಿ ಎಲುಬನ್ನು. ರಜ್ಜುವಿಗೆ ಅದು ಭರವಸೆ ಕೊಡಲಾರದು. ಸವಾರ ಹಿಂದಕ್ಕೆ ಕುಸಿಯುತ್ತಾನೆ, ಸೊಂಟ ಮೊಣಕಾಲಿಗಿಂತ ಕೆಳಗಿಳಿಯುತ್ತದೆ, ಇಳಿಜಾರಿನ ಕೆಳಬದಿಯ ಹಲಗೆಯ ಬಾಲ ಒಳ ಅಂಚಿನಲ್ಲಿ ಹಿಮವನ್ನು ಕಚ್ಚುತ್ತದೆ. ಆಗ ಹಿಮ್ಮಡಿಯ ಹಿಂದೆ ಚಾಚಿದ ಹಲಗೆಯ ಬಾಲ ಸನ್ನೆಗೋಲಿನಂತೆ ಮೊಣಕಾಲನ್ನು ಒಳಕ್ಕೆ ತಿರುಚುತ್ತದೆ. ಬೈಂಡಿಂಗ್ ಕಳಚುವ ಮುನ್ನವೇ ರಜ್ಜು ಹರಿದಿರಬಹುದು. ಹಿಂದಕ್ಕೆ ವಾಲುವಂತೆ ಮಾಡುವ ಮೊಂಡು ಅಂಚು, ಬಿಡದೆ ಕಚ್ಚುವ ಬಾಲ, ತಪ್ಪಾದ ಬೂಟಿನ ನೆಲೆ, ಇವುಗಳಿಗೂ ಆರೋಗ್ಯಕ್ಕೂ ಇರುವ ನಂಟು ಇಲ್ಲಿ ವ್ಯಕ್ತವಾಗುತ್ತದೆ. ಬೀಳುವುದು ಖಚಿತವಾದಾಗ ಕೈಗಳನ್ನು ಮುಂದಿಟ್ಟು, ಮೊಣಕಾಲನ್ನು ಬಾಗಿಸಿಯೇ ಬೀಳಬೇಕು. ಜಾರುವುದು ಪೂರ್ಣ ನಿಲ್ಲುವವರೆಗೆ ಏಳಲು ಯತ್ನಿಸಬಾರದು.

ಬಿದ್ದಾಗ ಮೊಣಕಾಲಿನಲ್ಲಿ "ಟಪ್" ಎಂದಂತಾಗಿ ಕೆಲವೇ ಗಂಟೆಗಳಲ್ಲಿ ಬಾವು ಬಂದರೆ, ನೋವು ಕಡಿಮೆಯಾದರೂ ಆ ದಿನ ಮತ್ತೆ ಹಲಗೆ ಕಟ್ಟಕೂಡದು. ಕಾಲಿಗೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಪಟ್ಟಿ, ದಿಂಬಿನ ಮೇಲೆ ಎತ್ತರಿಸಿದ ಕಾಲು, ಇವು ಪ್ರಥಮೋಪಚಾರ. ಎಣ್ಣೆ ಹಚ್ಚಿ ಬಲವಾಗಿ ನೀವಿಸುವುದೂ ಎಳೆಸುವುದೂ ಹಾನಿಕರ. ಎಕ್ಸ್-ರೇ ಎಲುಬನ್ನು ತೋರಿಸುತ್ತದೆ, ರಜ್ಜುವನ್ನಲ್ಲ. "ಎಲುಬು ಮುರಿದಿಲ್ಲ" ಎಂಬ ವರದಿಯಿಂದ ಸಮಾಧಾನಪಡದೆ ಊರಿಗೆ ಮರಳಿದೊಡನೆ ಮೂಳೆತಜ್ಞರನ್ನು ಕಾಣಬೇಕು. ಗಾಯಗೊಂಡ ಕಾಲನ್ನು ಅಲುಗಿಸದೆ ಕಾರಿನಲ್ಲಿ ದಿನವಿಡೀ ಕುಳಿತು ನೋಯ್ಡಾಕ್ಕೆ ಬರುವವರು ನಡುನಡುವೆ ನಿಲ್ಲಿಸಿ ಪಾದ ಮತ್ತು ಬೆರಳುಗಳನ್ನು ಆಡಿಸುತ್ತಿರಬೇಕು. ಮೀನಖಂಡದಲ್ಲಿ ಹೊಸ ನೋವು ಅಥವಾ ಊತ, ಇಲ್ಲವೆ ಉಸಿರಾಟಕ್ಕೆ ತೊಂದರೆ ಕಂಡರೆ ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ತೊಂದರೆಯಿಂದ ಕಾರಣವನ್ನು ಗುರುತಿಸುವುದು

ಗಟ್ಟಿ ಹಿಮದಲ್ಲಿ ಹಲಗೆ ಪಕ್ಕಕ್ಕೆ ಜಾರಿದರೆ: ಅಂಚು ಮೊಂಡು.
ತಿರುವಿನ ಆರಂಭದಲ್ಲಿ ಗಕ್ಕನೆ ಕಚ್ಚಿದರೆ: ಮೂತಿಯ ಬಳಿ ಮುಳ್ಳು, ಅಥವಾ ತಗ್ಗಾದ ತಳ.
ಮೆತ್ತನೆಯ ಹಿಮದಲ್ಲಿ ಮೂತಿ ಮುಳುಗಿದರೆ: ಬೂಟು ಮುಂದಕ್ಕಿದೆ.
ತಿರುಗಲು ಹಲಗೆ ತಡಮಾಡಿದರೆ: ಬೂಟು ಹಿಂದಕ್ಕಿದೆ, ಅಥವಾ ತಳದ ಅಂಚುಗಳು ಎದ್ದಿವೆ.
ಸೌಮ್ಯ ಇಳಿಜಾರಿನಲ್ಲಿ ಅಂಟಿ ನಿಂತರೆ: ತಳ ಒಣಗಿದೆ.
ಒಂದೇ ಕಾಲಿನಲ್ಲಿ ತೊಂದರೆಯಾದರೆ ಎಡಬಲದ ಹಲಗೆಗಳನ್ನು ಅದಲುಬದಲು ಮಾಡಿ ನೋಡಬೇಕು. ತೊಂದರೆ ಇನ್ನೊಂದು ಕಾಲಿಗೆ ಹೋದರೆ ದೋಷ ಹಲಗೆಯದು. ಅದೇ ಕಾಲಿನಲ್ಲಿ ಉಳಿದರೆ ಬೂಟಿನದು ಅಥವಾ ಅಭ್ಯಾಸದ್ದು.

ಹೊರಡುವ ಮುನ್ನ ಮತ್ತು ಅಂಗಡಿಯಲ್ಲಿ

1. ಪ್ರವಾಸಕ್ಕೆ ಆರು ವಾರ ಮುಂಚಿನಿಂದ ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಕೊಡಿರಿ. ಹೊಗೆಮಂಜಿನ ದಿನಗಳಲ್ಲಿ ಹೊರಗೆ ಓಡುವುದಕ್ಕಿಂತ ಮನೆಯೊಳಗೆ ಬೈಠಕ್, ಒಂಟಿಗಾಲಿನ ನಿಲುವು ಲೇಸು. ಬಹುಮಹಡಿಯ ವಸತಿಗಳಲ್ಲಿರುವವರಿಗೆ ಮೆಟ್ಟಿಲುಗಳೇ ವ್ಯಾಯಾಮಶಾಲೆ.

2. ನೋಯ್ಡಾ ಸಮುದ್ರಮಟ್ಟದಿಂದ ಸುಮಾರು 200 ಮೀಟರ್ ಎತ್ತರದಲ್ಲಿದೆ. ಗುಲ್ಮಾರ್ಗ್ ಸುಮಾರು 2,650 ಮೀಟರ್. ಮೊದಲ ದಿನ ದೇಹವನ್ನು ಹೊಂದಿಸಿಕೊಳ್ಳಲು ಬಿಡಿರಿ. ತಲೆನೋವು, ವಾಕರಿಕೆ ಇದ್ದಾಗ ಇನ್ನೂ ಮೇಲಕ್ಕೆ ಹೋಗಬೇಡಿರಿ.

3. ನಿಮ್ಮ ತೂಕ, ಎತ್ತರ, ವಯಸ್ಸುಗಳನ್ನು ಅಂಗಡಿಯವನಿಗೆ ನಿಜವಾಗಿ ಹೇಳಿರಿ. ಬೂಟಿನ ಹಿಮ್ಮಡಿಯ ಬಳಿ ಅಚ್ಚಾಗಿರುವ ಅಟ್ಟೆಯ ಉದ್ದವನ್ನು ಅವನು ನೋಡಿದನೇ ಎಂದು ಗಮನಿಸಿರಿ.

4. ಎರಡು ಹಲಗೆಗಳ ನಾಲ್ಕು ಕಿಂಡಿಗಳಲ್ಲಿಯೂ ಸಂಖ್ಯೆಯನ್ನು ಓದಿಕೊಳ್ಳಿರಿ. ಎಡಕ್ಕೊಂದು ಬಲಕ್ಕೊಂದು ಇದ್ದರೆ ಕೇಳಿರಿ. ಬೈಂಡಿಂಗಿನಲ್ಲಿ ಅಂಕಿಗಳೇ ಕಾಣದಿದ್ದರೆ ಆ ಹಲಗೆ ಬೇಡ.

5. ಬೂಟಿನ ಮಧ್ಯದ ಗುರುತು ಹಲಗೆಯ ಗೆರೆಗೆ ಸೇರಿದೆಯೇ ನೋಡಿರಿ. ಮನೆಮಂದಿಯಲ್ಲಿ ಹಲಗೆ ಬದಲಿಸಿಕೊಂಡರೆ ಪ್ರತಿ ಸಲವೂ ಹೊಸದಾಗಿ ಹೊಂದಿಸಬೇಕು.

6. ಉಗುರನ್ನು ಅಂಚಿಗೆ ಅಡ್ಡಲಾಗಿ ಹಗುರವಾಗಿ ಎಳೆಯಿರಿ. ಸಣ್ಣ ಹುಡಿ ಉದುರಿದರೆ ಹರಿತವಿದೆ. ಅಂಚಿನ ಉದ್ದಕ್ಕೂ ಬರಿಬೆರಳು ಓಡಿಸಬೇಡಿರಿ, ಮುಳ್ಳು ಕೊಯ್ದೀತು. ಹತ್ತಿಯ ತುಣುಕನ್ನು ಎಳೆದರೆ ಮುಳ್ಳಿರುವಲ್ಲಿ ಸಿಕ್ಕಿಕೊಳ್ಳುತ್ತದೆ.

7. ಪ್ರತಿ ಸಲ ಹಲಗೆ ಕಟ್ಟುವ ಮುನ್ನ ಅಟ್ಟೆಯ ಹಿಮವನ್ನು ಕೆರೆದು ತೆಗೆಯಿರಿ.

8. ಊಟದ ನಂತರದ ಕೊನೆಯ ಸುತ್ತು ದಣಿದ ಕಾಲಿನ ಸುತ್ತು. "ಇನ್ನೊಂದೇ ಸಲ" ಎನ್ನುವ ಮೊದಲು ನಿಲ್ಲಿಸುವುದು ಜಾಣತನ.

ಇಷ್ಟೆಲ್ಲ ಕೇಳಿದರೆ ಅಂಗಡಿಯವನು ಬೇಸರಪಟ್ಟಾನು, ಹಿಂದೆ ನಿಂತವರು ಗೊಣಗಿಯಾರು. ಆದರೆ ಸಾಲಿನಲ್ಲಿ ಕಳೆದ ಹತ್ತು ನಿಮಿಷವನ್ನು, ರಜ್ಜು ಹರಿದವರಿಗೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ ಚಿಕಿತ್ಸೆಯಲ್ಲಿ ಕಳೆಯುವ ಆರು ತಿಂಗಳಿಗೂ ಮೀರಿದ ಕಾಲದೊಡನೆ ತೂಗಿ ನೋಡಬೇಕು. ಪರಊರಿನಲ್ಲಿ ನೆಲೆಸಿರುವ ನಮಗೆ ಮನೆಯ ಯಜಮಾನನೋ ಯಜಮಾನಿಯೋ ಹಾಸಿಗೆ ಹಿಡಿದರೆ ಓಡಿಬರಲು ಅಜ್ಜಿ, ಚಿಕ್ಕಮ್ಮಂದಿರು ಪಕ್ಕದ ಬೀದಿಯಲ್ಲಿಲ್ಲ. ಹಿಮವನ್ನು ಕಂಡು ಹಿಗ್ಗೋಣ, ಮಕ್ಕಳಿಗೂ ಕಲಿಸೋಣ. ಹಲಗೆ ಕಟ್ಟುವ ಮೊದಲು ಅದರ ಹದವನ್ನು ನೋಡಿಕೊಳ್ಳೋಣ.